ಎಣಿಕೆಗೆ ಬಾರದ ಮಕ್ಕಳ ಪರೀಕ್ಷೆ

ಕಳೆದ ವರ್ಷ ಬೇಸಿಗೆಯ ರಜೆ ಆರಂಭವಾದ ದಿನಗಳಲ್ಲಿ ಗೃಹಸ್ಥರೊಬ್ಬರು ತಮ್ಮ ಹನ್ನೊಂದು ವರ್ಷದ ಮಗಳೊಡನೆ ಶ್ರೀಮಠಕ್ಕೆ ಬಂದಿದ್ದರು. ದರ್ಶನ, ಪ್ರಸಾದಗಳಾದ ಮೇಲೆ ಮಡಿಸಿಟ್ಟಿದ್ದ ಒಂದು ಕಾಗದವನ್ನು ಬಿಚ್ಚಿ ನಮ್ಮ ಮುಂದಿರಿಸಿದರು. ಅದು ಆ ಬಾಲಿಕೆಗೆ ಶಾಲೆಯಿಂದ ಬಂದ ಅಂಕಪಟ್ಟಿ. ಕನ್ನಡ, ಗಣಿತ, ಪರಿಸರ ಅಧ್ಯಯನ ಎಂದು ಅಚ್ಚಾಗಿದ್ದ ಸಾಲುಗಳ ಎದುರಿಗೆಲ್ಲ ಕೆಂಪು ಶಾಯಿಯ ಒಂದೊಂದು ಅಡ್ಡಗೆರೆ. ತುಂಬಿದ್ದುದು ಹಾಜರಿಯ ಸಾಲೊಂದೇ: 203 ದಿನ.

ಮಗುವಿಗೆ ಬೌದ್ಧಿಕ ವಿಕಲತೆಯಿದೆ. ಮಾತು ಕಡಿಮೆ, ಬೇಕಾದುದನ್ನು ಕೈತೋರಿಸಿ ಕೇಳುತ್ತಾಳೆ. ತಂದೆ ಹೇಳಿದರು: “ಬುದ್ಧೀ, ಪಾಠ ಅವಳ ತಲೆಗೆ ಹತ್ತೋದಿಲ್ಲ ಅಂದ್ರು, ಒಪ್ಕೊಂಡಿದ್ದೀನಿ. ಆದರೆ ಈ ಗೆರೆಗೆ ಏನರ್ಥ? ಇಷ್ಟು ದಿನ ಹೋಗಿ ಅವಳು ಏನೂ ಕಲೀಲಿಲ್ಲ ಅಂತಲೋ, ಏನು ಕಲಿತಳು ಅಂತ ಯಾರೂ ನೋಡಲಿಲ್ಲ ಅಂತಲೋ?” ಗುರುಗಳನ್ನು ‘ಬುದ್ಧಿ’ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಆ ಹೊತ್ತಿನಲ್ಲಿ ಆ ಸಂಬೋಧನೆ ನಮಗೆ ಭಾರವಾಗಿ ಕೇಳಿಸಿತು.

ವಾಚಕ ಮಹಾಶಯರೇ, ಆ ಗೃಹಸ್ಥರ ಪ್ರಶ್ನೆ ಹೊಸದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ತಾಯಿತಂದೆಗಳು ನ್ಯಾಯಾಲಯದ ಮೆಟ್ಟಿಲನ್ನೇರಿದರು, ಶಾಸನಗಳಾದವು, ಶಾಸನಗಳು ತಪ್ಪಿದವು, ಮತ್ತೆ ತಿದ್ದಲ್ಪಟ್ಟವು. ಆ ಹೋರಾಟದ ಫಲವಾಗಿ ಹುಟ್ಟಿದ ವ್ಯವಸ್ಥೆಗೆ ‘ಪರ್ಯಾಯ ಶೈಕ್ಷಣಿಕ ಮೌಲ್ಯಮಾಪನ’ವೆಂದು ಹೆಸರು. ಅದರ ಇತಿಹಾಸವನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡಲು ಬಯಸುತ್ತೇವೆ.

ಮೊದಲು ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಂಧ ವಿದ್ಯಾರ್ಥಿಗೆ ಬರೆಯುವವರನ್ನು ಒದಗಿಸುವುದು, ಕೈ ಸ್ವಾಧೀನವಿಲ್ಲದವನಿಗೆ ಹೆಚ್ಚಿನ ಅವಧಿ ಕೊಡುವುದು ರಿಯಾಯಿತಿಗಳು. ಅಲ್ಲಿ ಪ್ರಶ್ನೆಪತ್ರಿಕೆ ಬದಲಾಗುವುದಿಲ್ಲ. ವಿಷಯವನ್ನು ಬಲ್ಲ ವಿದ್ಯಾರ್ಥಿಗೂ ಪತ್ರಿಕೆಗೂ ನಡುವೆ ಇರುವ ಅಡ್ಡಿಯಷ್ಟೇ ನಿವಾರಣೆಯಾಗುತ್ತದೆ. ಪರ್ಯಾಯ ಮೌಲ್ಯಮಾಪನದ ಮಾತು ಬೇರೆ. ತೀವ್ರವಾದ ಬೌದ್ಧಿಕ ವಿಕಲತೆಯುಳ್ಳ ಮಗುವಿಗೆ ಎಷ್ಟು ಹೊತ್ತು ಕೊಟ್ಟರೂ ಸಾಮಾನ್ಯ ಪ್ರಶ್ನೆಪತ್ರಿಕೆ ಆ ಮಗುವಿನ ಕಲಿಕೆಯನ್ನು ಕುರಿತು ಏನನ್ನೂ ಹೇಳಲಾರದು. ಅಂಥವರಿಗಾಗಿ ಪಾಠದ ವಿಷಯವನ್ನು ಅದೇ ತರಗತಿಯ ವಿಷಯಕ್ಕೆ ಜೋಡಿಸಿಟ್ಟುಕೊಂಡು, ಅದರ ಆಳವನ್ನು ತಗ್ಗಿಸಿ, ಉತ್ತರಿಸುವ ರೀತಿಯನ್ನು ಬದಲಿಸಿ, ಸಾಧನೆಗೆ ಬೇರೊಂದು ಮಟ್ಟವನ್ನು ಗೊತ್ತುಪಡಿಸುವುದೇ ಈ ಪದ್ಧತಿ. ಮಗು ಚಿತ್ರವನ್ನು ಮುಟ್ಟಿ ತೋರಬಹುದು, ಕಣ್ಣಿನ ನೋಟದಿಂದ ಆರಿಸಬಹುದು, ಒಂದು ಗುಂಡಿಯನ್ನು ಒತ್ತಬಹುದು. ಎಲ್ಲವೂ ಉತ್ತರವೇ.

ಇತಿಹಾಸದ ವಿಚಿತ್ರವೆಂದರೆ, ಇಂಥ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಬಳಕೆಯಾದ ಆಯುಧವೂ ಒಂದು ಪರೀಕ್ಷೆಯೇ. 1904ರಲ್ಲಿ ಫ್ರಾನ್ಸಿನ ಶಿಕ್ಷಣ ಇಲಾಖೆ, ಸಾಮಾನ್ಯ ಬೋಧನೆಯಿಂದ ಪ್ರಯೋಜನ ಹೊಂದದ ಮಕ್ಕಳಿಗೆ ಏನು ಮಾಡಬೇಕೆಂಬುದನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯನಾಗಿದ್ದ ಆಲ್ಫ್ರೆಡ್ ಬಿನೆ, ತನ್ನ ಸಹೋದ್ಯೋಗಿ ತಿಯೊಡೋರ್ ಸಿಮೋನ್ ಜೊತೆಗೂಡಿ 1905ರಲ್ಲಿ 30 ಸಣ್ಣ ಕಾರ್ಯಗಳ ಒಂದು ಮಾಪಕವನ್ನು ರಚಿಸಿದನು. ಉರಿಯುವ ಬೆಂಕಿಕಡ್ಡಿಯನ್ನು ಅತ್ತಿತ್ತ ಆಡಿಸಿದರೆ ಮಗುವಿನ ಕಣ್ಣು ಅದನ್ನು ಅನುಸರಿಸುವುದೇ ಎಂಬುದು ಅದರ ಮೊದಲನೆಯ ಕಾರ್ಯ. ಯಾವ ಮಗುವಿಗೆ ವಿಶೇಷ ಬೋಧನೆ ಬೇಕೆಂದು ಗುರುತಿಸುವುದಷ್ಟೇ ಅವನ ಉದ್ದೇಶ. ಬುದ್ಧಿಯೆಂಬುದು ಹುಟ್ಟಿನಿಂದ ಅಳೆದು ಕೊಟ್ಟ, ಎಂದೂ ಹೆಚ್ಚಲಾರದ ಪರಿಮಾಣವೆಂಬ ವಾದವನ್ನು ಅವನು 1909ರ ತನ್ನ ಗ್ರಂಥದಲ್ಲಿ ಕಟುವಾಗಿ ಖಂಡಿಸಿದ್ದಾನೆ. 1911ರಲ್ಲಿ ಅವನು ತೀರಿಕೊಂಡನು. ಮಾಪಕ ಉಳಿಯಿತು, ಖಂಡನೆಯನ್ನು ಲೋಕ ಮರೆಯಿತು.

ಆ ಮಾಪಕವನ್ನು ಅಮೆರಿಕಕ್ಕೆ ಒಯ್ದವನು ನ್ಯೂಜರ್ಸಿಯ ವೈನ್‌ಲ್ಯಾಂಡ್ ಸಂಸ್ಥೆಯ ಹೆನ್ರಿ ಗಾಡರ್ಡ್. ಅವನ ಕೈಯಲ್ಲಿ ಅದು ವಿಂಗಡಿಸುವ ಜರಡಿಯಾಯಿತು. 1916ರಲ್ಲಿ ಲೂಯಿಸ್ ಟರ್ಮನ್ ಅದನ್ನು ಪರಿಷ್ಕರಿಸಿ ‘ಸ್ಟ್ಯಾನ್‌ಫರ್ಡ್-ಬಿನೆ’ ಎಂದು ಪ್ರಚುರಪಡಿಸಿದನು. ‘ಮಾನಸಿಕ ವಯಸ್ಸು’ ಎಂಬ ಮಾತು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಕಡೆಗೆ ಶಾಸನಗಳಲ್ಲಿಯೂ ನೆಲೆಯೂರಿತು. ಈ ಮಾಪಕ ನಮ್ಮ ನಾಡಿಗೂ ಬಂದಿತೆಂಬುದನ್ನು ಇಲ್ಲಿ ಹೇಳಬೇಕು. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅದನ್ನು ಅಳವಡಿಸಿ 1934ರಲ್ಲಿ ಪ್ರಕಟಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಬಹುಕಾಲ ನಮ್ಮಲ್ಲಿ ವಿಕಲತೆಯ ಪ್ರಮಾಣಪತ್ರಕ್ಕೆ ಆಧಾರವಾಗಿತ್ತು. ಮೇಲೆ ಹೇಳಿದ ಬಾಲಿಕೆಯ ಪ್ರಮಾಣಪತ್ರದಲ್ಲಿಯೂ ಒಂದು ಅಂಕಿ ಇದೆ. ಆ ಮಗುವಿನ ಬಾಳಿನಲ್ಲಿ ಯಾರಾದರೂ ಅಳೆದು ಬರೆದ ಅಂಕಿ ಅದೊಂದೇ.

ಇನ್ನು ಶಾಲೆಯ ಬಾಗಿಲಿನ ಮಾತು. 1893ರಲ್ಲಿಯೇ ಮ್ಯಾಸಚೂಸೆಟ್ಸ್ ಸಂಸ್ಥಾನದ ಉಚ್ಚ ನ್ಯಾಯಸ್ಥಾನ, ಬುದ್ಧಿ ದುರ್ಬಲವೆಂಬ ಕಾರಣದಿಂದ ಕೇಂಬ್ರಿಜ್ ನಗರದ ಶಾಲೆ ಒಬ್ಬ ಬಾಲಕನನ್ನು ಹೊರಹಾಕಿದ್ದು ಸರಿಯೆಂದು ತೀರ್ಪಿತ್ತಿತ್ತು. ಎಪ್ಪತ್ತು ವರ್ಷಗಳ ತರುವಾಯವೂ ಪರಿಸ್ಥಿತಿ ಬಹಳ ಬೇರೆಯಾಗಿರಲಿಲ್ಲ. ಪೆನ್ಸಿಲ್ವೇನಿಯದ ಶಾಸನದ ಪ್ರಕಾರ ಐದು ವರ್ಷದ ಮಾನಸಿಕ ವಯಸ್ಸನ್ನು ತಲುಪದ ಮಗುವಿಗೆ ಒಂದನೆಯ ತರಗತಿಯ ಪ್ರವೇಶವನ್ನು ನಿರಾಕರಿಸಬಹುದಾಗಿತ್ತು. ಮನಶ್ಶಾಸ್ತ್ರಜ್ಞನೊಬ್ಬನು ‘ಶಿಕ್ಷಣಕ್ಕೂ ತರಬೇತಿಗೂ ಅನರ್ಹ’ ಎಂದು ಬರೆದುಕೊಟ್ಟರೆ ಶಾಲೆಯ ಹೊಣೆಯೇ ಮುಗಿಯುತ್ತಿತ್ತು. ಯಾರಿಗೆ ಹೆಚ್ಚು ಕಲಿಸಬೇಕೆಂದು ತಿಳಿಯಲು ಬಿನೆ ಮಾಡಿದ ಅಳತೆಗೋಲು, ಯಾರಿಗೆ ಕಲಿಸಬೇಕಾಗಿಲ್ಲವೆಂದು ಹೇಳುವ ಕೋಲಾಗಿ ಪರಿಣಮಿಸಿದ ಬಗೆ ಇದು.

1971ರ ಜನವರಿಯಲ್ಲಿ ಪೆನ್ಸಿಲ್ವೇನಿಯದ ತಾಯಿತಂದೆಗಳ ಸಂಘವೊಂದು ಈ ಶಾಸನದ ವಿರುದ್ಧ ದಾವೆ ಹೂಡಿತು. ತಜ್ಞರು ಬಂದು ಸಾಕ್ಷ್ಯ ನುಡಿದರು: ಕಲಿಯಲಾರದ ಮಗುವೆಂಬುದು ಇಲ್ಲ, ಕೆಲವರು ಅಕ್ಷರದವರೆಗೆ, ಕೆಲವರು ತಮ್ಮ ತುತ್ತನ್ನು ತಾವೇ ಎತ್ತಿಕೊಳ್ಳುವವರೆಗೆ, ಆದರೆ ಎಲ್ಲರೂ ಕಲಿಯುತ್ತಾರೆ. ಸರ್ಕಾರ ವಾದವನ್ನು ಮುಂದುವರಿಸದೆ ಒಪ್ಪಂದಕ್ಕೆ ಬಂದಿತು. 1972ರಲ್ಲಿ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಅದೇ ವರ್ಷ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ತೀರ್ಪು ಬಂದಿತು. ಅಲ್ಲಿಯ ಆಡಳಿತ ಹಣವಿಲ್ಲವೆಂದು ಕೈಚೆಲ್ಲಿತ್ತು. ಹಣದ ಕೊರತೆಯಿದ್ದರೆ ಅದರ ಭಾರ ಎಲ್ಲ ಮಕ್ಕಳ ಮೇಲೂ ಬೀಳಲಿ, ವಿಕಲಾಂಗ ಮಗುವಿನ ಮೇಲೆಯೇ ಹೆಚ್ಚಾಗಿ ಬೀಳಕೂಡದು ಎಂಬುದು ನ್ಯಾಯಾಧೀಶ ಜೋಸೆಫ್ ವಾಡಿಯವರ ತೀರ್ಮಾನದ ಸಾರ. ಪಂಕ್ತಿಯಲ್ಲಿ ಅನ್ನ ಕಡಿಮೆ ಬಿದ್ದಾಗ ಕೊನೆಯ ಎಲೆಯವನನ್ನೇ ಎಬ್ಬಿಸುವ ಪದ್ಧತಿಯನ್ನು ದಾಸೋಹದ ಮನೆ ಒಪ್ಪದು. ಆ ನ್ಯಾಯಾಲಯವೂ ಒಪ್ಪಲಿಲ್ಲ.

1975ರ ನವೆಂಬರ್ 29ರಂದು ರಾಷ್ಟ್ರಾಧ್ಯಕ್ಷ ಫೋರ್ಡ್ ಸಹಿ ಮಾಡಿದ ಶಾಸನ ಇಡೀ ದೇಶಕ್ಕೆ ಅನ್ವಯಿಸಿತು. ದೇಶದಲ್ಲಿ 80 ಲಕ್ಷಕ್ಕಿಂತ ಹೆಚ್ಚು ವಿಕಲಾಂಗ ಮಕ್ಕಳಿದ್ದಾರೆ, ಅವರಲ್ಲಿ 10 ಲಕ್ಷ ಮಂದಿ ಶಾಲೆಯಿಂದ ಸಂಪೂರ್ಣವಾಗಿ ಹೊರಗಿದ್ದಾರೆ ಎಂದು ಆ ಶಾಸನದ ಪೀಠಿಕೆಯೇ ಒಪ್ಪಿಕೊಂಡಿತ್ತು. ಬಾಗಿಲು ತೆರೆಯಿತು. ಪ್ರತಿ ಮಗುವಿಗೂ ಲಿಖಿತವಾದ ವೈಯಕ್ತಿಕ ಶಿಕ್ಷಣ ಯೋಜನೆ ಇರಬೇಕೆಂದಾಯಿತು.

ಒಳಗೆ ಬಂದ ಮಗುವಿಗೆ ಕಲಿಸುವುದೇನು? ಆರಂಭದಲ್ಲಿ ಉಪಾಧ್ಯಾಯರು ಹಿಡಿದದ್ದು ಮತ್ತೆ ಮಾನಸಿಕ ವಯಸ್ಸಿನ ಜಾಡನ್ನೇ. ಹದಿನೇಳು ವರ್ಷದ ಯುವಕನಿಗೆ ಮೂರು ವರ್ಷದ ಬುದ್ಧಿಯೆಂದು ಯಾರೋ ಬರೆದಿದ್ದರೆ, ಅವನ ಮುಂದೆ ಮಣಿ ಪೋಣಿಸುವ ಆಟಿಕೆಯನ್ನಿಡುವುದು; ನಾಲ್ಕು ವರ್ಷದ ಮಟ್ಟ ಬರುವವರೆಗೆ ಕಾಯುವುದು. ಅದು ಬರುತ್ತಿರಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೂ ಬ್ರೌನ್ ಮತ್ತು ಅವರ ಸಂಗಡಿಗರು 1976ರಲ್ಲಿ ಇದನ್ನು ಪ್ರಶ್ನಿಸಿದರು. ಈ ಯುವಕ ನಾಳೆ ಬಾಳಬೇಕಾದುದು ಊರಿನಲ್ಲಿ, ಬೀದಿಯಲ್ಲಿ, ಕೆಲಸದ ಸ್ಥಳದಲ್ಲಿ. ಅಲ್ಲಿ ಬೇಕಾದುದನ್ನು ಅಲ್ಲಿಯೇ ಕಲಿಸಿರಿ ಎಂದರು. ಅಂಗಡಿಗೆ ಹೋಗುವುದು, ಬಸ್ಸು ಹತ್ತುವುದು, ಪಾತ್ರೆ ತೊಳೆಯುವುದು ಪಠ್ಯವಾದವು. ಪ್ರತಿಯೊಬ್ಬನಿಗೂ ಒಂದು ಕಾಯಕವಿರಬೇಕೆಂದು ಹೇಳಿದ ಪರಂಪರೆಯಲ್ಲಿ ಬೆಳೆದ ನಮಗೆ ಈ ಮಾತು ಬಹು ಪ್ರಿಯವಾದುದು. ಆದರೆ ಇದರಲ್ಲಿಯೂ ಒಂದು ಮಿತಿಯಿತ್ತು. ಅದು ಕಾಣಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಅಮೆರಿಕದ ಶಿಕ್ಷಣದಲ್ಲಿ ಬೇರೊಂದು ಗಾಳಿ ಬೀಸತೊಡಗಿತ್ತು. 1980ರ ದಶಕದಿಂದ ಆಚೆಗೆ ಸಂಸ್ಥಾನಗಳು ತಮ್ಮ ಶಾಲೆಗಳ ಗುಣವನ್ನು ಮಕ್ಕಳ ಪರೀಕ್ಷೆಯ ಅಂಕಗಳಿಂದ ಅಳೆಯಲಾರಂಭಿಸಿದವು. ಒಳ್ಳೆಯ ಅಂಕ ಬಂದ ಶಾಲೆಗೆ ಕೀರ್ತಿ, ಬಾರದ ಶಾಲೆಗೆ ಅಪಕೀರ್ತಿ. ಅಂಥಲ್ಲಿ ವಿಕಲಾಂಗ ಮಕ್ಕಳನ್ನು ಪರೀಕ್ಷೆಯ ದಿನ ಮನೆಯಲ್ಲಿರಿಸುವುದು, ಪ್ರವಾಸಕ್ಕೆ ಕಳಿಸುವುದು, ವಿನಾಯಿತಿಯ ಪಟ್ಟಿಗೆ ಸೇರಿಸುವುದು ಸುಲಭವಾದ ಉಪಾಯವಾಯಿತು. ಕರುಣೆಯ ಹೆಸರಿನಲ್ಲಿಯೇ ಇದು ನಡೆಯಿತೆಂಬುದನ್ನು ಗಮನಿಸಬೇಕು: ಪಾಪ, ಆ ಮಗುವಿಗೇಕೆ ಪರೀಕ್ಷೆಯ ಹಿಂಸೆ? 1990ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಇಸಲ್‌ಡೈಕ್ ಮೊದಲಾದವರು ಆರಂಭಿಸಿದ ಅಧ್ಯಯನ ಕೇಂದ್ರ ಇದರ ಪರಿಣಾಮವನ್ನು ಬಯಲಿಗೆ ತಂದಿತು. ಲೆಕ್ಕಕ್ಕೆ ಬಾರದ ಮಗುವಿಗಾಗಿ ಒಳ್ಳೆಯ ಉಪಾಧ್ಯಾಯರನ್ನು ನೇಮಿಸುವ, ಪುಸ್ತಕ ಕೊಳ್ಳುವ ಕಾರಣ ಯಾವ ಆಡಳಿತಕ್ಕೂ ಇರಲಿಲ್ಲ. ಮಗು ಒಳಗಿತ್ತು, ಎಣಿಕೆಯಲ್ಲಿರಲಿಲ್ಲ. ನಮ್ಮ ಗೃಹಸ್ಥರು ತಂದಿದ್ದ ಕಾಗದದ ಮೇಲಿನ ಕೆಂಪುಗೆರೆ ಇದೇ ಅಲ್ಲವೆ?

ಇದಕ್ಕೆ ಮೊದಲ ಉತ್ತರ ಬಂದುದು ಶ್ರೀಮಂತ ಸಂಸ್ಥಾನದಿಂದಲ್ಲ, ಕಲ್ಲಿದ್ದಲ ಗಣಿಗಳ ಬಡ ಕೆಂಟಕಿಯಿಂದ. ಅಲ್ಲಿಯ 66 ಬಡ ಶಿಕ್ಷಣ ಜಿಲ್ಲೆಗಳು ಒಂದುಗೂಡಿ, ಶಾಲೆಗಳಿಗೆ ಹಣ ಹಂಚುವ ಕ್ರಮ ಅನ್ಯಾಯವೆಂದು 1985ರಲ್ಲಿ ದಾವೆ ಹೂಡಿದವು. ಅವು ಕೇಳಿದ್ದು ಹಣದ ಸಮಾನತೆಯನ್ನು. 1989ರ ಜೂನ್ 8ರಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಕೊಟ್ಟದ್ದು ಕೇಳಿದುದಕ್ಕಿಂತ ದೊಡ್ಡದು: ಹಣದ ಹಂಚಿಕೆಯಷ್ಟೇ ಅಲ್ಲ, ಕೆಂಟಕಿಯ ಇಡೀ ಶಾಲಾವ್ಯವಸ್ಥೆಯೇ ಸಂವಿಧಾನಬಾಹಿರವೆಂದು ಅದು ಸಾರಿತು. ಪ್ರತಿಯೊಂದು ಮಗುವಿಗೂ ಸಮರ್ಪಕವಾದ ಶಿಕ್ಷಣವನ್ನೊದಗಿಸುವ ಹೊಸ ವ್ಯವಸ್ಥೆಯನ್ನು ಕಟ್ಟಿರೆಂದು ಶಾಸನಸಭೆಗೆ ಆಜ್ಞಾಪಿಸಿತು. 1990ರಲ್ಲಿ ಸುಧಾರಣಾ ಶಾಸನ ಬಂದಾಗ, ಅದನ್ನು ಜಾರಿಗೆ ತಂದವರು ‘ಪ್ರತಿಯೊಂದು ಮಗು’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಶಾಸನಗಳಲ್ಲಿ ‘ಎಲ್ಲ’ ಎಂಬ ಪದ ಸಾಮಾನ್ಯವಾಗಿ ‘ಬಹುಪಾಲು’ ಎಂಬ ಅರ್ಥದಲ್ಲಿಯೇ ಬಳಕೆಯಾಗುತ್ತದೆ. ಇಲ್ಲಿ ಹಾಗಾಗಲಿಲ್ಲ.

1992-93ರ ಶಾಲಾವರ್ಷದಲ್ಲಿ ಅಲ್ಲಿ ‘ಪರ್ಯಾಯ ಪೋರ್ಟ್‌ಫೋಲಿಯೊ’ ಎಂಬ ಕಡತಪದ್ಧತಿ ಆರಂಭವಾಯಿತು. 4, 8 ಮತ್ತು 12ನೆಯ ತರಗತಿಗಳಲ್ಲಿ ಇತರ ಮಕ್ಕಳು ಸಂಸ್ಥಾನದ ಪರೀಕ್ಷೆಯನ್ನು ಬರೆಯುವಾಗ, ತೀವ್ರ ಬೌದ್ಧಿಕ ವಿಕಲತೆಯುಳ್ಳ ಮಗುವಿನ ಪರವಾಗಿ ಒಂದು ದಪ್ಪನೆಯ ಕಡತ ಹೋಗುತ್ತಿತ್ತು. ಅದರಲ್ಲಿ ಏನಿರುತ್ತಿತ್ತೆಂಬುದನ್ನು ವಾಚಕರು ಗಮನವಿಟ್ಟು ಓದಬೇಕು. ಮೊದಲಿಗೆ ಪರೀಕ್ಷಕರಿಗೆ ವಿದ್ಯಾರ್ಥಿಯ ಪತ್ರ. ಬರೆಯಲಾರದವರು ಚಿತ್ರಗಳಿಂದಲೋ ಬೇರೆ ಸಾಧನದಿಂದಲೋ ಅದನ್ನು ಸಿದ್ಧಪಡಿಸಬಹುದು. ಆಮೇಲೆ, ಈ ಮಗು ತನ್ನ ಮನಸ್ಸನ್ನು ತಿಳಿಸುವ ಬಗೆ ಯಾವುದು ಎಂಬ ವಿವರಣೆ: ಮಾತೋ, ಸನ್ನೆಯೋ, ಚಿತ್ರಫಲಕವೋ. ದಿನಚರಿಯ ಪಟ್ಟಿ. ಕಲಿತ ಕೆಲಸಗಳ ಮಾದರಿಗಳು. 12ನೆಯ ತರಗತಿಯವರಾದರೆ ತಾವು ಮಾಡಿದ ಉದ್ಯೋಗಗಳ ವಿವರ. ಕೊನೆಗೆ ತಾಯಿ ಅಥವಾ ತಂದೆಯ ಪತ್ರ.

ಪರೀಕ್ಷಕರು ನೋಡುತ್ತಿದ್ದುದೂ ಅಷ್ಟೇ ಅಪೂರ್ವ. ಮಗು ಏನು ಮಾಡಿತೆಂಬುದರ ಜೊತೆಗೆ, ಅದಕ್ಕೆ ಬೇಕಾದ ಸಹಾಯ ಒದಗಿತ್ತೇ, ಕಲಿತುದನ್ನು ಒಂದೇ ಕೋಣೆಯಲ್ಲಿ ಮಾಡಿತೋ ಹಲವು ಕಡೆಗಳಲ್ಲಿಯೋ, ಓರಗೆಯ ಸಾಮಾನ್ಯ ಮಕ್ಕಳೊಡನೆ ಬೆರೆಯಿತೇ ಎಂಬುದಕ್ಕೂ ಮಟ್ಟಗಳಿದ್ದವು. ಗೆಳೆಯರಿಲ್ಲದ ಮಗುವಿನ ಕಡತಕ್ಕೆ ಅತ್ಯುನ್ನತ ಮಟ್ಟ ಸಿಗುತ್ತಿರಲಿಲ್ಲ. ಅದು ಮಗುವಿನ ದೋಷವೇ? ಅಲ್ಲ, ಶಾಲೆಯ ದೋಷ. ಮೂಲೆಯ ಕೋಣೆಯಲ್ಲಿ ಕೂಡಿಸಿಟ್ಟ ಶಾಲೆ ತನ್ನ ಅಂಕವನ್ನೇ ಕಳೆದುಕೊಳ್ಳುತ್ತಿತ್ತು. ಏಕೆಂದರೆ ಈ ಕಡತಕ್ಕೂ ಇತರ ಮಕ್ಕಳಿಗೆ ಕೊಡುವ ನಾಲ್ಕು ದರ್ಜೆಗಳನ್ನೇ ಕೊಟ್ಟು, ಶಾಲೆಯ ಒಟ್ಟು ಲೆಕ್ಕದಲ್ಲಿ ಅದನ್ನು ಇನ್ನೊಬ್ಬ ವಿದ್ಯಾರ್ಥಿಯ ಅಂಕದಷ್ಟೇ ತೂಕಕ್ಕೆ ಸೇರಿಸಲಾಗುತ್ತಿತ್ತು. ಬಿನೆಯ ಮಾಪಕ ಅಮೆರಿಕಕ್ಕೆ ಬಂದ ಮೇಲೆ ಅಲ್ಲಿಯವರೆಗೆ ನಡೆದ ಅಳತೆಗಳೆಲ್ಲ ‘ಈ ಮಗು ಎಷ್ಟರದು?’ ಎಂದು ಕೇಳಿದ್ದವು. ಕೆಂಟಕಿಯ ಕಡತ ‘ಈ ಮಗುವಿಗೆ ನೀವು ಏನು ಕಲಿಸಿದಿರಿ?’ ಎಂದು ಕೇಳಿತು. ಈ ಇತಿಹಾಸದಲ್ಲಿ ನಮಗೆ ಮುಖ್ಯವಾಗಿ ಕಾಣುವ ತಿರುವು ಇದೊಂದೇ. ಉಳಿದುದೆಲ್ಲ ಇದರ ವಿಸ್ತಾರ, ಇಲ್ಲವೇ ಇದರಿಂದ ಜಾರಿದ ಕಥೆ.

1997ರ ಜೂನ್ 4ರಂದು ಸಹಿಯಾದ ತಿದ್ದುಪಡಿ ಶಾಸನ, ಎಲ್ಲ ಸಂಸ್ಥಾನಗಳೂ 2000ನೆಯ ಇಸವಿ ಜುಲೈ 1ರೊಳಗಾಗಿ ಪರ್ಯಾಯ ಮೌಲ್ಯಮಾಪನವನ್ನು ಆರಂಭಿಸಬೇಕೆಂದು ವಿಧಿಸಿತು. 2002ರ ಆರಂಭದಲ್ಲಿ ಜಾರಿಗೆ ಬಂದ ಇನ್ನೊಂದು ಶಾಸನ 3ರಿಂದ 8ನೆಯ ತರಗತಿಯವರೆಗೆ ಪ್ರತಿ ವರ್ಷವೂ, ಪ್ರೌಢಶಾಲೆಯಲ್ಲಿ ಒಮ್ಮೆಯೂ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ವಿಕಲಾಂಗ ಮಕ್ಕಳ ಫಲಿತಾಂಶವನ್ನು ಬೇರೆಯಾಗಿ ಪ್ರಕಟಿಸಬೇಕೆಂದಿತು. ಅವರಲ್ಲಿ ನೂರಕ್ಕೆ 95 ಮಂದಿಯಾದರೂ ಪರೀಕ್ಷೆಗೆ ಕುಳಿತಿರಬೇಕು. ಪ್ರವಾಸಕ್ಕೆ ಕಳಿಸುವ ಹಳೆಯ ಉಪಾಯ ಅಲ್ಲಿಗೆ ಮುಗಿಯಿತು. ಆದರೆ ಹೊಸ ಭಯ ಹುಟ್ಟಿತು. ಹಗುರವಾದ ಪರೀಕ್ಷೆಯೊಂದಿದೆ ಎಂದರೆ, ಹಿಂದುಳಿದ ಮಕ್ಕಳನ್ನೆಲ್ಲ ಅದಕ್ಕೇ ತಳ್ಳಿ ಶಾಲೆಗಳು ಪಾರಾಗುವುದಿಲ್ಲವೇ? ಆದುದರಿಂದ 2003ರ ಡಿಸೆಂಬರ್ 9ರ ನಿಯಮ ಒಂದು ಮಿತಿಯನ್ನಿಟ್ಟಿತು: ಪರ್ಯಾಯ ಮಟ್ಟದಲ್ಲಿ ಉತ್ತೀರ್ಣರಾದವರೆಂದು ಲೆಕ್ಕಕ್ಕೆ ಹಿಡಿಯಬಹುದಾದವರು ಪರೀಕ್ಷೆಗೆ ಕುಳಿತ ಒಟ್ಟು ಮಕ್ಕಳಲ್ಲಿ ನೂರಕ್ಕೆ ಒಬ್ಬರನ್ನು ಮೀರಬಾರದು. ಸ್ಥೂಲವಾಗಿ ಅದು ವಿಕಲಾಂಗ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಒಬ್ಬರಷ್ಟು. ಉಳಿದ ಒಂಬತ್ತು ಮಂದಿ ಸಾಮಾನ್ಯ ಪರೀಕ್ಷೆಯನ್ನೇ ಬರೆಯಬೇಕು. ನಡುವೆ 2007ರಲ್ಲಿ ಇನ್ನೂ ಶೇಕಡ 2ರಷ್ಟು ಮಕ್ಕಳಿಗೆಂದು ಮೂರನೆಯ ಬಗೆಯ ಪರೀಕ್ಷೆಗೂ ಅವಕಾಶ ಕೊಟ್ಟು, 2015ರಲ್ಲಿ ಅದನ್ನು ಹಿಂದಕ್ಕೆ ಪಡೆದರು.

ಪದ್ಧತಿ ದೇಶವ್ಯಾಪಿಯಾದಂತೆ ಅದರ ದೋಷಗಳೂ ಕಂಡುಬಂದವು. ಕಡತ ಸಿದ್ಧಪಡಿಸಲು ಉಪಾಧ್ಯಾಯರು ಶಾಲೆಯ ವೇಳೆಯ ಹೊರಗೆ ಬಹಳ ಹೊತ್ತನ್ನು ವ್ಯಯಿಸಬೇಕಾಯಿತು. ಚತುರನಾದ, ಹೊತ್ತುಳ್ಳ ಉಪಾಧ್ಯಾಯನ ವಿದ್ಯಾರ್ಥಿಯ ಕಡತ ಅಂದವಾಗಿರುತ್ತಿತ್ತು; ಅದು ಮಗುವಿನ ಕಲಿಕೆಯನ್ನು ತೋರಿಸುತ್ತಿತ್ತೋ ಉಪಾಧ್ಯಾಯನ ಜಾಣ್ಮೆಯನ್ನೋ ಎಂಬ ಸಂದೇಹ ಉಳಿಯುತ್ತಿತ್ತು. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಪ್ರಸಂಗ ತಮಗೆ ತಿಳಿದಿದೆ. ಕಡತದೊಳಗೆ ಮಗು ತಾನಾಗಿ ತಂದುದೆಷ್ಟು, ಸುರಿದು ತುಂಬಿದುದೆಷ್ಟು ಎಂದು ಬೇರ್ಪಡಿಸಿ ಹಿಂದಿರುಗಿಸುವ ಲಕ್ಕಮ್ಮ ಅಲ್ಲಿ ಇರಲಿಲ್ಲ. ಕೊನೆಗೆ ಕೆಂಟಕಿಯೇ ಕಡತವನ್ನು ಕೈಬಿಟ್ಟು ಎಲ್ಲರಿಗೂ ನಿಗದಿಯಾದ ಕಾರ್ಯಗಳ ಕಡೆಗೆ ತಿರುಗಿತು. ನಿಖರತೆ ಹೆಚ್ಚಿತು. ಗೆಳೆಯರಿದ್ದಾರೆಯೇ ಎಂಬ ಪ್ರಶ್ನೆ ಪರೀಕ್ಷೆಯಿಂದ ಮಾಯವಾಯಿತು. ಇದು ನಷ್ಟವೆಂದೇ ನಮ್ಮ ಅಭಿಪ್ರಾಯ.

ನಿಯಮದ ಕಠೋರತೆಗೆ ಇನ್ನೊಂದು ನಿದರ್ಶನವನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. 2014ರಲ್ಲಿ ಫ್ಲಾರಿಡದಲ್ಲಿ ಮೃತ್ಯುಶಯ್ಯೆಯಲ್ಲಿದ್ದ ಹನ್ನೊಂದು ವರ್ಷದ ಬಾಲಕನು ಪರ್ಯಾಯ ಪರೀಕ್ಷೆಯನ್ನು ತೆಗೆದುಕೊಳ್ಳಲಾರನೆಂಬುದಕ್ಕೆ ದಾಖಲೆ ಒದಗಿಸುವ ಸ್ಥಿತಿ ಅವನ ತಾಯಿಗೆ ಬಂದಿತು. ಬಾಲಕ ಆ ಫೆಬ್ರುವರಿಯಲ್ಲಿ ತೀರಿಕೊಂಡನು. ಅಂಥ ಮಕ್ಕಳಿಗೆ ವಿನಾಯಿತಿ ಕೊಡುವ ಶಾಸನ ಅದೇ ವರ್ಷ ಅಲ್ಲಿ ಬಂದಿತು. ‘ಎಲ್ಲ’ ಎಂಬ ಪದವನ್ನು ಅಕ್ಷರಶಃ ಹಿಡಿಯುವುದಕ್ಕೂ ಒಂದು ಎಲ್ಲೆಯುಂಟು.

ಈಗ ಹಿಂದೆ ಬಿಟ್ಟ ಮಾತಿಗೆ ಬರೋಣ. ಪಾತ್ರೆ ತೊಳೆಯುವುದನ್ನು, ಬಸ್ಸು ಹತ್ತುವುದನ್ನು ಕಲಿಸುತ್ತಿದ್ದ ಉಪಾಧ್ಯಾಯರಿಗೆ 2003ರ ನಿಯಮ ಆಘಾತವನ್ನೇ ತಂದಿತು. ಪರ್ಯಾಯ ಪರೀಕ್ಷೆಯಾದರೂ ಆಯಾ ತರಗತಿಯ ಓದು ಗಣಿತಗಳಿಗೆ ಸಂಬಂಧಿಸಿರಬೇಕೆಂದು ಅದು ಹೇಳಿತ್ತು. ಶೌಚಕ್ಕೆ ಹೋಗಲು ಕಲಿಯುತ್ತಿರುವ ಮಗುವಿಗೆ ರೇಖಾಗಣಿತವೇ ಎಂದು ಅನೇಕರು ನೊಂದು ಕೇಳಿದರು. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ನಾರ್ತ್ ಕೆರೊಲಿನದ ಶಾರ್ಲಟ್‌ನಲ್ಲಿ ಡಯಾನ್ ಬ್ರೌಡರ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ, ಅದುವರೆಗೆ ಇಂಥ ಮಕ್ಕಳಿಗೆ ಓದು ಕಲಿಸಿದ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಹುಪಾಲು ಕಡೆ ಕಲಿಸಿದ್ದುದು ಕಂಡೊಡನೆ ಗುರುತಿಸಬೇಕಾದ ಕೆಲವು ಬಿಡಿ ಪದಗಳನ್ನು ಮಾತ್ರ. ಕಥೆಯನ್ನು ಹೇಳಿದವರು ವಿರಳ. ಅರ್ಥವನ್ನು ಕೇಳಿದವರೂ ಕೆಲವರೇ. ಮಕ್ಕಳು ಕಲಿಯಲಾರರೆಂದು ತಿಳಿದಿದ್ದುದರ ಬಹುಭಾಗ, ಅವರಿಗೆ ಕಲಿಸಿಯೇ ನೋಡದ ವಿಷಯವಾಗಿತ್ತು. ಮುಟ್ಟಿ ನೋಡುವ ವಸ್ತುಗಳನ್ನು ಜೋಡಿಸಿ, ಕಥೆಯನ್ನು ಚಿಕ್ಕದು ಮಾಡಿ, ಒಂದೇ ಸಾಲನ್ನು ಮತ್ತೆ ಮತ್ತೆ ಬರುವಂತೆ ಮಾಡಿ ಅವರು ಓದಿಸಿದಾಗ, ಮಾತಿಲ್ಲದ ಮಕ್ಕಳು ಮುಂದೇನಾಯಿತೆಂಬುದನ್ನು ಚಿತ್ರ ಮುಟ್ಟಿ ತೋರಿಸಿದರು. ಕಾಯಕ ಬೇಕು, ನಿಜ. ಆದರೆ ಕಾಯಕಜೀವಿಗಳಿಗೆ ಅನುಭಾವದ ಗೋಷ್ಠಿಯ ಬಾಗಿಲನ್ನೂ ತೆರೆದ ಕಲ್ಯಾಣವನ್ನು ನೆನೆಯುವ ನಾವು, ‘ಇವನಿಗೆ ಪಾತ್ರೆ ಸಾಕು, ಕಥೆ ಬೇಡ’ ಎನ್ನುವ ಮುನ್ನ ಯೋಚಿಸಬೇಕು.

2010ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ‘ಡೈನಾಮಿಕ್ ಲರ್ನಿಂಗ್ ಮ್ಯಾಪ್ಸ್’ ಎಂಬ ಯೋಜನೆ ಆರಂಭವಾಯಿತು. ಹಲವು ಸಂಸ್ಥಾನಗಳು ಅದಕ್ಕೆ ಸೇರಿ 2014-15ರಿಂದ ಪರೀಕ್ಷೆ ನಡೆಸತೊಡಗಿದವು. ಊರಿನ ದಾರಿಗಳನ್ನು ತೋರುವ ನಕ್ಷೆಯಂತೆ, ಒಂದು ತಿಳಿವಳಿಕೆಯಿಂದ ಇನ್ನೊಂದಕ್ಕೆ ಹೋಗುವ ಸಾವಿರಾರು ಸಣ್ಣ ಹೆಜ್ಜೆಗಳ ನಕ್ಷೆಯದು. ತರಗತಿಯ ಒಂದು ಪಾಠಕ್ಕೆ ಐದು ಮೆಟ್ಟಿಲುಗಳಿರುತ್ತವೆ. ಎಣಿಕೆಯ ಪಾಠವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಒಂಟಿ ವಸ್ತು ಬೇರೆ, ಗುಂಪು ಬೇರೆ ಎಂದು ಗುರುತಿಸುವಂಥದು ಅತಿ ಕೆಳಗಿನ ಮೆಟ್ಟಿಲಾಗಬಹುದು. ಮೂರರಿಂದ ಒಂಬತ್ತು ಪ್ರಶ್ನೆಗಳ ಚಿಕ್ಕ ಚಿಕ್ಕ ಕಟ್ಟುಗಳಾಗಿ ಪರೀಕ್ಷೆ ನಡೆಯುತ್ತದೆ. ಗಣಕಯಂತ್ರವನ್ನು ಬಳಸಲಾರದ ಮಗುವಿನ ಮುಂದೆ ಉಪಾಧ್ಯಾಯರು ವಸ್ತುಗಳನ್ನಿಟ್ಟು, ಮಗು ಆರಿಸಿದುದನ್ನು ತಾವು ದಾಖಲಿಸುತ್ತಾರೆ. ತಾಯಿತಂದೆಗಳಿಗೆ ಹೋಗುವ ವರದಿಯಲ್ಲಿ ಮಗು ದಾಟಿದ ಮೆಟ್ಟಿಲುಗಳ ವಿವರವಿರುತ್ತದೆ. ಅಡ್ಡಗೆರೆ ಇರುವುದಿಲ್ಲ.

2015ರ ಡಿಸೆಂಬರಿನ ಶಾಸನ ಶೇಕಡ 1ರ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿ, ಉತ್ತೀರ್ಣರ ಮೇಲಲ್ಲ, ಪರ್ಯಾಯ ಪರೀಕ್ಷೆಗೆ ಕುಳಿತುಕೊಳ್ಳುವವರ ಸಂಖ್ಯೆಯ ಮೇಲೆಯೇ ಅದನ್ನು ಹೇರಿತು. ಈ ಮಕ್ಕಳಿಗೆ ಪರ್ಯಾಯ ಡಿಪ್ಲೊಮಾ ಕೊಡಲು ಸಂಸ್ಥಾನಗಳಿಗೆ ಅನುಮತಿಯನ್ನೂ ಇತ್ತಿತು; ಹತ್ತಾರು ವರ್ಷ ಕಲಿತು ಬರಿಗೈಯಲ್ಲಿ ಹೊರಬರುತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. 2017ರ ಮಾರ್ಚ್ 22ರಂದು ಕೊಲೊರಾಡೊ ಸಂಸ್ಥಾನದ ಎಂಡ್ರೂ ಎಂಬ ಬಾಲಕನ ಮೊಕದ್ದಮೆಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದ ತೀರ್ಪನ್ನು ಕೊಟ್ಟಿತು. ವರ್ಷ ವರ್ಷವೂ ಅವೇ ಗುರಿಗಳನ್ನು ಯೋಜನೆಯಲ್ಲಿ ನಕಲು ಮಾಡುತ್ತಿದ್ದುದು ಅವನ ತಾಯಿತಂದೆಗಳ ದೂರು. ಏನೋ ಅಷ್ಟಿಷ್ಟು ಪ್ರಯೋಜನವಾದರೆ ಸಾಕೆಂಬ ಕೆಳಗಿನ ನ್ಯಾಯಾಲಯದ ಮಾನದಂಡವನ್ನು ತಳ್ಳಿಹಾಕಿ, ಮಗುವಿನ ಪರಿಸ್ಥಿತಿಗೆ ತಕ್ಕಂತೆ ಎತ್ತರವಾದ ಗುರಿಯಿರಬೇಕೆಂದು ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ಬರೆದರು.

ನಮ್ಮ ದೇಶದ ವಿಷಯವೇನೆಂದು ವಾಚಕರು ಕೇಳಬಹುದು. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 17ನೆಯ ಪ್ರಕರಣ ಪಠ್ಯದಲ್ಲಿಯೂ ಪರೀಕ್ಷಾಪದ್ಧತಿಯಲ್ಲಿಯೂ ತಕ್ಕ ಮಾರ್ಪಾಡುಗಳನ್ನು ಮಾಡಬೇಕೆನ್ನುತ್ತದೆ. ಆದರೆ ಅದು ಕೊಡುವ ಉದಾಹರಣೆಗಳು ಹೆಚ್ಚಿನ ಅವಧಿ, ಬರೆಯುವವರ ನೆರವು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದವು. ಎಲ್ಲವೂ ರಿಯಾಯಿತಿಯ ಜಾತಿಗೆ ಸೇರಿದವು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಶಿಕ್ಷಣದ ಎ, ಬಿ, ಸಿ ಹಂತಗಳು 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವೆನಿಸಿ ಕೆಲವು ವಿಶೇಷ ಶಾಲೆಗಳಿಗೆ ಆಸರೆಯಾಗಿವೆ. ಹೆಚ್ಚು ಜನ ಗಮನಿಸದ ಮಾತು ಅದೇ ಅಧಿನಿಯಮದ 16ನೆಯ ಪ್ರಕರಣದಲ್ಲಿದೆ. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಪ್ರತಿಯೊಬ್ಬ ವಿಕಲಾಂಗ ವಿದ್ಯಾರ್ಥಿಯ ಪಾಲ್ಗೊಳ್ಳುವಿಕೆಯನ್ನೂ ಸಾಧನೆಯ ಮಟ್ಟದಲ್ಲಾಗುವ ಪ್ರಗತಿಯನ್ನೂ ಗಮನಿಸುತ್ತಿರಬೇಕೆಂದು ಅದು ವಿಧಿಸುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಎಂದೇ ಅಲ್ಲಿರುವುದು.

ಆ ಬಾಲಿಕೆ ಕಳೆದ ಜೂನಿನಿಂದ ಶ್ರೀಮಠದ ಶಾಲೆಗೆ ಬರುತ್ತಿದ್ದಾಳೆ. ಅವಳ ಹೆಸರಿನಲ್ಲಿ ನಾವೂ ಒಂದು ಕಡತವನ್ನು ತೆರೆಸಿದೆವು. ಮೊದಲ ಪುಟದಲ್ಲಿ ತಾಯಿ ಹೇಳಿ ಬರೆಸಿದ ಪತ್ರವಿದೆ. ಮಧ್ಯಾಹ್ನದ ಪಂಕ್ತಿಯಲ್ಲಿ ಹನ್ನೆರಡು ಮಕ್ಕಳಿಗೆ ತಲೆಗೊಂದರಂತೆ ತಟ್ಟೆಯಿಡುವುದು ಅವಳ ಮೊದಲ ಪಾಠ. ಯಾವ ದಿನ ಎಷ್ಟು ತಟ್ಟೆಗೆ ಕೈಹಿಡಿದು ನೆರವಾಗಬೇಕಾಯಿತೆಂಬ ಲೆಕ್ಕವೂ ಅದರಲ್ಲಿದೆ. ಇದು ಗಣಿತವೋ ಬಿಟ್ಟಿ ಚಾಕರಿಯೋ ಎಂದು ನಮ್ಮ ಉಪಾಧ್ಯಾಯರಲ್ಲಿ ಎರಡು ಪಕ್ಷಗಳಾದವು. ವಾದ ಒಂದು ತಿಂಗಳು ನಡೆಯಿತು. ಕಡೆಗೆ ತಟ್ಟೆಯೂ ಇರಲಿ, ತರಗತಿಯ ಕಥೆಯ ಪಾಠವೂ ಇರಲಿ ಎಂದಾಯಿತು. ದೀಪಾವಳಿಯ ರಜೆಗೆ ಮುನ್ನ ನೆರೆಯೂರಿನ ಶಾಲೆಯ ಹಿರಿಯ ಉಪಾಧ್ಯಾಯಿನಿಯೊಬ್ಬರನ್ನು ಕರೆಸಿ ಕಡತವನ್ನು ಅವರ ಕೈಗೆ ಕೊಟ್ಟೆವು. ಅವರು ಒಂದು ಹಗಲೆಲ್ಲ ಕುಳಿತು, ಮಗು ತಟ್ಟೆಯಿಡುವುದನ್ನು ಕಣ್ಣಾರೆ ಕಂಡು, ಎರಡು ಪುಟಗಳಿಗೆ ಸಹಿ ಮಾಡಿದರು. ಮೂರನೆಯದೊಂದು ಹಾಳೆಯನ್ನು ಹೊರತೆಗೆದು ಹಿಂದಿರುಗಿಸಿದರು. ಅದರಲ್ಲಿದ್ದ ನವಿಲಿನ ಬಣ್ಣ ಮಗುವಿನ ಕೈಯದಲ್ಲವೆಂದು ಹೇಳಿ, ಮಗುವೇ ತುಂಬಿದ ಹಾಳೆಯನ್ನು ಇಡಿರೆಂದರು.